ರೂರ್ಕಿಗೆ ಹೊರಟ ಹುಡುಗನಿಗೊಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಾ,

ನೀನು ಗೇಟ್ ಪರೀಕ್ಷೆ ಪಾಸಾಗಿ ಎಂ.ಟೆಕ್. ಮಾಡಲು ರೂರ್ಕಿಗೆ ಹೊರಟಿದ್ದೀ, ಅದೂ ಭೂಕಂಪ ಇಂಜಿನಿಯರಿಂಗ್ ಓದಲು ಎಂಬ ಸುದ್ದಿ ಸೊಲ್ಲಾಪುರ ಜಿಲ್ಲೆಯ ನಮ್ಮ ಅಕ್ಕಲಕೋಟೆಯ ಚಹಾದಂಗಡಿಗೂ ಮುಟ್ಟಿದೆ. ಊರಿನ ಪರವಾಗಿ ಅಭಿನಂದನೆ. ಊರಿನ ಪರವಾಗಿಯೇ ಒಂದು ವಿನಂತಿ: ಬೇಡಪ್ಪಾ. ಕಂಪ್ಯೂಟರ್ ಓದಿದ್ದರೆ ಇಷ್ಟೊತ್ತಿಗೆ ಪುಣೆಯಲ್ಲಿ ಫ್ಲ್ಯಾಟ್ ನೋಡುತ್ತಿದ್ದೆ. ಸಿವಿಲ್ಲೇ ಬೇಕೆಂದರೆ ಸೊಲ್ಲಾಪುರದಲ್ಲಿ ಯಾರಾದರೂ ಗುತ್ತಿಗೆದಾರರ ಬೆನ್ನು ಹತ್ತಿದ್ದರೆ ಬಿಲ್ ಪಾಸು ಮಾಡಿಸುವ ವಿದ್ಯೆಯಾದರೂ ಕೈಗೆ ಹತ್ತುತ್ತಿತ್ತು. ನೀನು ಹಿಡಿದಿರುವುದು, ಎಂದೂ ಆಗದಿರಲಿ ಎಂದು ಎಲ್ಲರೂ ಹರಕೆ ಹೊರುವ ಘಟನೆಯ ಶಾಸ್ತ್ರ. ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಾರಂತೆ. ಕೊಡಲೇಬೇಕು, ಇಲ್ಲದಿದ್ದರೆ ಓದುವವರಾರು?

ನಮ್ಮದು ಗಟ್ಟಿ ನೆಲ, ದಖ್ಖನ್ನಿನ ಕರಿಕಲ್ಲು. ಇದನ್ನು ನಾನೊಬ್ಬನೇ ಹೇಳುತ್ತಿರಲಿಲ್ಲ, ಸರ್ಕಾರದ ನಕ್ಷೆಯೂ ಹೇಳುತ್ತಿತ್ತು. 1984ರ ಭೂಕಂಪ ಸಂಹಿತೆಯಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ಇದ್ದದ್ದು ವಲಯ 1ರಲ್ಲಿ, ದೇಶದಲ್ಲೇ ಅತಿ ಕಡಿಮೆ ಅಪಾಯದ ವಲಯದಲ್ಲಿ. 1992ರಿಂದಲೇ ಅಲ್ಲಿ ನೆಲ ಸಣ್ಣಗೆ ನಡುಗತೊಡಗಿದರೂ ನಕ್ಷೆ ಅಲುಗಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿ ಕಳಿಸಿ ಬಂದು ದಣಿದು ಮಲಗಿದವರ ಮೇಲೆ ಮಾಳಿಗೆಗಳು ಬಿದ್ದವು. ಸತ್ತವರು ಎಂಟು ಸಾವಿರ ಎಂದು ಒಂದು ಲೆಕ್ಕ, ಹತ್ತು ಸಾವಿರದ ಹತ್ತಿರ ಎಂದು ಇನ್ನೊಂದು. ಪಂಡಿತರು 2002ರಲ್ಲಿ ನಕ್ಷೆ ತಿದ್ದುವಾಗ ವಲಯ 1ನ್ನೇ ಅಳಿಸಿಹಾಕಿದರು. ಆ ನಕ್ಷೆಯಲ್ಲಿ ಸೊಲ್ಲಾಪುರ ವಲಯ 3, ಕಲಬುರಗಿ ವಲಯ 2. ರಾಜ್ಯಗಳ ಗಡಿ ಕುರಿತ ಮಹಾಜನ ವರದಿ ಹೇಳಿದಂತೆ ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಕೊಟ್ಟಿದ್ದರೆ ನಾವೂ ವಲಯ 2ರಲ್ಲಿ ಸುಖವಾಗಿ ಇರುತ್ತಿದ್ದೆವೇನೋ! ಆ ವರದಿ ಬಂದದ್ದು 1967ರಲ್ಲಿ, ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ್ದೇ ಆದ ಕೊಯ್ನಾ ನಡುಗಿತು. ವರದಿಯಿಂದ ಗಡಿ ಸರಿಯಲಿಲ್ಲ, ಕೊಯ್ನಾದಿಂದ ನಾವು ಮನೆ ಕಟ್ಟುವ ರೀತಿಯೂ ಸರಿಯಲಿಲ್ಲ.

ಆ ರೀತಿ ನಿನಗೆ ಗೊತ್ತೇ ಇದೆ, ನಿಮ್ಮಜ್ಜನ ಮನೆಯೂ ಅಂಥದ್ದೇ. ಎರಡು-ಎರಡೂವರೆ ಅಡಿ ದಪ್ಪದ ಗೋಡೆ. ನೋಡಿದರೆ ಕೋಟೆ, ಆದರೆ ಅದು ಒಂದು ಗೋಡೆಯಲ್ಲ, ಎರಡು. ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಈ ಮುಖದಿಂದ ಆ ಮುಖದವರೆಗೆ ಚಾಚುವ ಉದ್ದನೆಯ ಕಲ್ಲೊಂದನ್ನು ನಡುನಡುವೆ ಇಟ್ಟಿದ್ದರೆ ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತಿದ್ದವು. ಅಂಥ ಕಲ್ಲಿಗೆ ದುಡ್ಡು ಹೆಚ್ಚು, ಹುಡುಕುವ ತ್ರಾಸು ಬೇರೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಇನ್ನಷ್ಟು ಮಣ್ಣು. ತಾತ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ನೆಲ ಅಡ್ಡಡ್ಡ ಅಲುಗಿದಾಗ ಗೋಡೆಯ ಎರಡು ಸಾಲುಗಳು ಹೊಟ್ಟೆ ಉಬ್ಬಿ ಬೇರೆಯಾದವು, ಮೂರು ತಲೆಮಾರಿನ ಮಣ್ಣು ಒಮ್ಮೆಗೇ ಇಳಿಯಿತು. ಇದನ್ನು ತಿಳಿಯಲು ಎಂ.ಟೆಕ್. ಬೇಕೇ? ಗೌಂಡಿಗೆ ಹೇಳಿದರೆ ಸಾಕಿತ್ತು. ಹೇಳಲಿಲ್ಲ, ಅಷ್ಟೆ.

ಆಮೇಲೆ ಹೇಳಿದರು, ತಪ್ಪು ಮಾತಾಡಬಾರದು. ವಿಶ್ವಬ್ಯಾಂಕಿನ ನೆರವಿನಿಂದ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು. ನಿಂತಿದ್ದ ಹಳೆಯ ಮನೆಗಳನ್ನು ಬಲಪಡಿಸಲು ಸೊಲ್ಲಾಪುರ ಜಿಲ್ಲೆಗೂ ಅನುದಾನ ಬಂತು. ಎಷ್ಟೋ ಮಂದಿ ಆ ಹಣದಲ್ಲಿ ಹಳೆಯ ಮನೆಯ ಪಕ್ಕಕ್ಕೇ ಒಂದು ಸಿಮೆಂಟಿನ ಕೋಣೆ ಎಬ್ಬಿಸಿದರು, ಹಳೆಯ ಮನೆ ಹಾಗೆಯೇ ಇತ್ತು. ಕಲ್ಲಿನ ಭಯ ಹಿಡಿದವರಿಗೆ ಸಿಮೆಂಟೇ ದೇವರಾಯಿತು.

ಈಗ ಎಲ್ಲೆಡೆ ಆ ದೇವರದೇ ಗುಡಿ. ಕೆಳಗೆ ಕಂಬಗಳಷ್ಟೇ, ಗಾಡಿ ನಿಲ್ಲಿಸಲು. ಮೇಲೆ ಮೂರು ಅಂತಸ್ತು. ಮೊನ್ನೆ ಒಂದು ಕಟ್ಟಡದ ಮುಂದೆ ಸರಳು ಬಾಗಿಸುವ ಹುಡುಗನನ್ನು ನೋಡುತ್ತ ನಿಂತೆ. ಹಲಗೆಗೆ ಮೊಳೆ ಬಡಿದು, ಸರಳು ಸಿಕ್ಕಿಸಿ, ಕಂಬದ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗು ಮಾಡುತ್ತಿದ್ದ. ರಿಂಗಿನ ತುದಿಯನ್ನು ಕಂಬದ ಹೊಟ್ಟೆಯೊಳಕ್ಕೆ, 135 ಡಿಗ್ರಿಗೆ ಬಾಗಿಸಬೇಕು. ವಲಯ 3ರಲ್ಲಿ ಅದು ಕಡ್ಡಾಯ. ಇವನು 90ಕ್ಕೇ ಬಿಟ್ಟು ಮುಂದಿನದನ್ನು ಎತ್ತಿಕೊಳ್ಳುತ್ತಿದ್ದ. ಕಂಬದ ಹೊರಪದರ ಉದುರಿದರೆ ಅಂಥ ರಿಂಗು ಬಾಯಿ ಬಿಡುತ್ತದೆ, ಉದ್ದ ಸರಳುಗಳು ಡೊಂಕಾಗುತ್ತವೆ. ಕೇಳಿದೆ. "ಕಾಕಾ, ಪೂರಾ ಮಣಿಸಿದ್ರ ದಿನಕ್ಕ ಅರ್ಧಾ ಕೆಲಸಾ ಆಗ್ತದ್ರಿ. ರೊಕ್ಕಾ ಯಾರು ಕೊಡ್ತಾರ?" ಅವನಿಗೆ ಕೂಲಿ ಕಿಲೋ ಲೆಕ್ಕದಲ್ಲಿ.

ರೂರ್ಕಿಯಲ್ಲಿ ಜೈಕೃಷ್ಣ ಅವರ ಮುಂದಾಳತ್ವದಲ್ಲಿ ಈ ಶಾಸ್ತ್ರದ ಶಾಲೆ ತೆರೆದದ್ದು 1960ರಲ್ಲಿ. ಅಲ್ಲಿ ಕಟ್ಟಡಗಳ ಮಾದರಿಗಳನ್ನು ಮೇಜಿನ ಮೇಲಿಟ್ಟು ಅಲುಗಾಡಿಸುತ್ತಾರೆ. ಸಂಹಿತೆಯಂತೂ ಇಂಗ್ಲಿಷಿನಲ್ಲಿ, ಪರವಾನಗಿ ಮರಾಠಿಯಲ್ಲಿ, ನಮ್ಮ ಹುಡುಗ ರಿಂಗು ಬಾಗಿಸುವುದು ಕನ್ನಡದಲ್ಲಿ. ಎರಡು ವರ್ಷ ಓದಿ ಬಂದು ನೀನು ಈ ಮೂರನ್ನೂ ಒಂದು ಹಲಗೆಯ ಮುಂದೆ ಕೂರಿಸುತ್ತೇನೆಂದು ಹೊರಟರೆ ನಮಗೆ ತ್ರಾಸು. ಬಾಗಿಸುವ ಕೂಲಿ ಏರುತ್ತದೆ, ಬಿಲ್ಡರ್ ಸಿಟ್ಟಾಗುತ್ತಾನೆ.

ಆದ್ದರಿಂದ ರಜೆಗೆ ಗಡಬಡಿಸಿ ಬರಬೇಡ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರನ ಜಾತ್ರೆಗೇ ಬಾ. ಅಷ್ಟರಲ್ಲಿ ಆ ಕಂಬಗಳಿಗೆ ಕಾಂಕ್ರೀಟ್ ಬಿದ್ದು, ಗಿಲಾವು ಮುಗಿದು, ಬಣ್ಣವೂ ಹತ್ತಿರುತ್ತದೆ. ಕಟ್ಟಡ ಹೆಂಗೈತಿ ಎಂದು ಯಾರಾದರೂ ಕೇಳಿದರೆ, ಚಲೋ ಆಗೇತಿ ಅನ್ನು.

ಇಂತು ನಿನ್ನ ಹಿತಚಿಂತಕ,
ಕಾಕಾ