ಎಷ್ಟಾಯ್ತು ಸಾರ್ ನಿಮ್ಮ ಸೈಟೇಶನ್ನು?

ನಿಜ ಹೇಳಿ. ಮನೇರೆಲ್ಲ ಮಲಗಿದ ಮೇಲೆ ಗೂಗಲ್ ಸ್ಕಾಲರ್ ತೆಗೆದು ನಿಮ್ಮ ಹೆಸರು ನೀವೇ ಹೊಡೆದು ನೋಡ್ತೀರೋ ಇಲ್ವೋ? ನೆನ್ನೆ 41 ಇದ್ದ ಸೈಟೇಶನ್ನು ಇವತ್ತು 42 ಆಗಿದ್ರೆ ನಿದ್ದೆ ಎಲ್ಲಿ ಬರುತ್ತೆ? ಯಾರಪ್ಪಾ ಆ ಪುಣ್ಯಾತ್ಮ ಅಂತ ಹುಡುಕಿದ್ರೆ, ನೀವೇ! (ಹೊಸ ಪೇಪರಲ್ಲಿ ನಿಮ್ಮ ಹಳೇ ಪೇಪರಿನ ಹೆಸರು ತೂರಿಸಿದ್ರಿ, ಮರೆತೇ ಹೋಗಿತ್ತು.)

ಏನಣ್ಣಾ, ಚಿಂತಾಮಣಿ ಕಡೆಯಿಂದ ನಗು ಕೇಳಿಸ್ತಾ ಇದೆ? ನಾನು ರಿಸರ್ಚೂ ಮಾಡಿಲ್ಲ ಗಿಸರ್ಚೂ ಮಾಡಿಲ್ಲ ಅಂತಲಾ? ಮಗಳ ಮದುವೆ ಮುಗಿದ ರಾತ್ರಿ ಮುಯ್ಯಿ ಪುಸ್ತಕ ಬಿಚ್ಕೊಂಡು ಕೂತಿದ್ದು ಯಾರು? ‘ನಾವು ಐನೂರು ಹಾಕಿದ್ವಿ, ಅವ್ರು ಇನ್ನೂರು ಹಾಕವ್ರೆ ನೋಡೇ’ ಅಂತ ಹಲ್ಲು ಕಡಿದಿದ್ದು ಯಾರು?

ಸೈಟೇಶನ್ ಲೆಕ್ಕವೂ ಅದೇ ಪುಸ್ತಕ. ಅದನ್ನ ಬರೆಯೋಕೆ ಕೂತ ಗುಮಾಸ್ತ ಫಿಲಡೆಲ್ಫಿಯಾದ ಯೂಜೀನ್ ಗಾರ್ಫೀಲ್ಡ್, 1964ರಲ್ಲಿ. ಯಾರು ಯಾರ ಪೇಪರಿನ ಹೆಸರು ಹಾಕಿದ್ರು ಅನ್ನೋದನ್ನೆಲ್ಲ ಸೈನ್ಸ್ ಸೈಟೇಶನ್ ಇಂಡೆಕ್ಸ್ ಅಂತ ಅಚ್ಚು ಹಾಕಿಸಿಬಿಟ್ಟ. ನೀನು ನಂದು ಹಾಕು, ನಾನು ನಿಂದು ಹಾಕ್ತೀನಿ ಅನ್ನೋ ಬೀಗತನ ಆಮೇಲೆ ತಾನಾಗೇ ಬೆಳೀತು.

2005ರಲ್ಲಿ ಹಿರ್ಷ್ ಅನ್ನೋ ಫಿಸಿಕ್ಸ್ ಮೇಷ್ಟ್ರು ಎಚ್-ಇಂಡೆಕ್ಸ್ ತಂದ್ರು. ಹತ್ತು ಪೇಪರಿಗೆ ತಲಾ ಹತ್ತಾದ್ರೂ ಸೈಟೇಶನ್ ಬಂದಿದ್ರೆ ನಿಮ್ಮ ಎಚ್ಚು ಹತ್ತು. ಒಂದೇ ಪೇಪರಿಗೆ ಸಾವಿರ ಬಂದು ಮಿಕ್ಕಿದ್ದಕ್ಕೆ ಸೊನ್ನೆ ಆದ್ರೆ? ಒಂದು! (ಗೌರಿಬಿದನೂರಿನವರಿಗೆ ಎಚ್ ಅಂದ್ರೆ ಹೊಸೂರಿನ ಎಚ್. ನರಸಿಂಹಯ್ಯ ಒಬ್ಬರೇ. ಓಹಾಯೋದಲ್ಲಿ ನ್ಯೂಕ್ಲಿಯರ್ ಫಿಸಿಕ್ಸಲ್ಲಿ ಡಾಕ್ಟರೇಟ್ ಮಾಡ್ಕೊಂಡು ಬಂದ ಮೇಷ್ಟ್ರನ್ನ ಎಚ್-ಇಂಡೆಕ್ಸ್ ಎಷ್ಟು ಸಾರ್ ಅಂತ ಕೇಳೋ ಧೈರ್ಯ ನಿಮಗಿತ್ತಾ?)

ಅತಿ ಹೆಚ್ಚು ಸೈಟೇಶನ್ ಸಿಕ್ಕಿರೋ ಪೇಪರ್ ಯಾವುದು ಗೊತ್ತಾ? ಕ್ಯಾನ್ಸರ್ ಔಷಧಿ? ಐನ್‌ಸ್ಟೈನ್? ಅಲ್ಲ ರೀ. 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಬರೆದಿದ್ದು, ಪ್ರೋಟೀನ್ ಅಳೆಯೋದು ಹೆಂಗೆ ಅಂತ. 2014ರಲ್ಲಿ ‘ನೇಚರ್’ನವರು ಎಣಿಸಿದಾಗ ಮೂರು ಲಕ್ಷ ದಾಟಿತ್ತು. ಅದೇನು ಅಂಥಾ ಮಹಾ ಪೇಪರ್ ಅಲ್ಲ ಅಂತ ಲೌರಿಯವರೇ ಹೇಳ್ಕೊಂಡಿದ್ರು (ಒಳಗೊಳಗೇ ಖುಷಿ ಅಂತಾನೂ ಒಪ್ಕೊಂಡಿದ್ರು, ಪಾಪ).

ನಮ್ಮ ಪಕ್ಕದ ಆಂಧ್ರದ ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್ ಹಾರ್ವರ್ಡಲ್ಲಿ ಫಿಸ್ಕೆ ಅನ್ನೋರ ಜೊತೆ 1925ರಲ್ಲಿ ರಂಜಕ ಅಳೆಯೋ ವಿಧಾನ ಬರೆದ್ರಲ್ಲ, ಅದನ್ನೂ ಸಾವಿರಾರು ಜನ ಹೆಸರಿಸಿದ್ರು. ಅಂದ್ರೆ ಅಡುಗೆ ಮಾಡೋ ಕ್ರಮ ಬರೆದವರಿಗೆ ಮುಯ್ಯಿ ಜಾಸ್ತಿ. ನೀವು ದೊಡ್ಡ ಸಿದ್ಧಾಂತ ಬರೀತಾ ಕೂತಿದೀರಲ್ಲ, ಸ್ವಲ್ಪ ಯೋಚನೆ ಮಾಡಿ.

ಶಿಡ್ಲಘಟ್ಟದವರೇ, ಇಲ್ಲಿ ಬನ್ನಿ. ನೀವು ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ಇವತ್ತು ಕೇಜಿಗೆ ಎಷ್ಟು ಅಂತ ನೋಡ್ತಿರೋ ಹೊತ್ತಲ್ಲಿ, ಅಮೆರಿಕದ ಟಫ್ಟ್ಸ್ ಯೂನಿವರ್ಸಿಟಿಯ ಡೇವಿಡ್ ಕಪ್ಲಾನ್ ಅದೇ ಥರದ ಗೂಡಿಂದ ಅಂಟು ತೆಗೆದು, ಒಳಗಿನ ಫೈಬ್ರೋಯಿನ್ ಅನ್ನೋ ಎಳೆ ಇಟ್ಕೊಂಡು, ಹರಿದ ಲಿಗಮೆಂಟಿಗೆ ಆಸರೆ ಮಾಡ್ಬಹುದಾ ಅಂತ ನೋಡ್ತಿದ್ರು. 2003ರಲ್ಲಿ ಅವರ ತಂಡ ‘ಬಯೋಮೆಟೀರಿಯಲ್ಸ್’ ಪತ್ರಿಕೇಲಿ ಬರೆದ ರೇಷ್ಮೆ ಪೇಪರಿಗೆ ಸಾವಿರಾರು ಸೈಟೇಶನ್ನು. ಲೇಖಕರ ಪಟ್ಟೀಲಿ ಹುಳದ ಹೆಸರಿಲ್ಲ. ಸೊಪ್ಪು ಹಾಕಿದವರದ್ದಂತೂ ಬಿಡಿ.

ಬೇಜಾರಾಯ್ತಾ? ಕಲ್ಕತ್ತದ ಶಂಭುನಾಥ ಡೇ ಕಥೆ ಕೇಳಿ. ಕಾಲರಾ ರೋಗಾಣು ಒಂದು ವಿಷ ಬಿಟ್ಟು ಭೇದಿ ಹಚ್ಚುತ್ತೆ ಅಂತ 1959ರಲ್ಲಿ ತೋರಿಸಿದ್ರು. ಎಷ್ಟೋ ವರ್ಷ ಕೇಳೋರೇ ಇರ್ಲಿಲ್ಲ. ಅವರು ತೀರಿಕೊಂಡಿದ್ದು 1985ರಲ್ಲಿ. ಮಾರನೇ ವರ್ಷ ಅವರ ಕೆಲಸದ ಬಗ್ಗೆ ಉದ್ದಕ್ಕೆ ಬರೆದವರು ಯಾರು ಅಂತೀರಾ? ಅದೇ ಗಾರ್ಫೀಲ್ಡು. ಲೆಕ್ಕ ಬರೆಯೋ ಗುಮಾಸ್ತನೇ ಬಂದು ತಲೆ ಬಾಗಿಸಿದ ಹಾಗೆ. ನನಗಂತೂ ಈ ಪೂರ್ತಿ ಪುರಾಣದಲ್ಲಿ ಇಷ್ಟವಾಗೋ ಜಾಗ ಇದೊಂದೇ.

ಈಗ ವರ್ಷಕ್ಕೊಂದು ಪಟ್ಟಿ ಬರುತ್ತಲ್ಲ, ‘ವಿಶ್ವದ ಅಗ್ರ ಶೇ. 2 ವಿಜ್ಞಾನಿಗಳು’ ಅಂತ? ಅದನ್ನ ಮಾಡೋದು ಸ್ಟ್ಯಾನ್‌ಫರ್ಡಿನ ಜಾನ್ ಅಯೊನಿಡಿಸ್ ತಂಡ. ಪ್ರಕಟವಾಗೋ ಸಂಶೋಧನೆಗಳಲ್ಲಿ ಬಹುಪಾಲು ತಪ್ಪು ಅಂತ 2005ರಲ್ಲಿ ಪೇಪರ್ ಬರೆದ ಮಹಾನುಭಾವ ಅವರೇ! (ಆ ಪೇಪರಿಗೂ ಸೈಟೇಶನ್ ರಾಶಿ ರಾಶಿ.) ಪಟ್ಟೀಲಿ ಹೆಸರು ಬಂದ್ರೆ ಸಾಕು, ಬಿ.ಬಿ. ರಸ್ತೇಲಿ ಫ್ಲೆಕ್ಸ್ ಹಾಕಿಸೋಕೆ ಶಿಷ್ಯರು ರೆಡಿ.

ಆ ಪಟ್ಟೀಲಿ ಇನ್ನೊಂದು ಚೇಷ್ಟೆ ಇದೆ: ತನ್ನ ಹೆಸರು ತಾನೇ ಹಾಕ್ಕೊಂಡಿದ್ದನ್ನ ಸೇರಿಸಿ ಒಂದು ಲೆಕ್ಕ, ಕಳೆದು ಇನ್ನೊಂದು. ಫೈಲ್ ಡೌನ್‌ಲೋಡ್ ಮಾಡ್ಕೊಂಡಿದೀರಿ, ಗೊತ್ತು. ನಿಮ್ಮ ಹೆಸರು ಹುಡುಕಿದ್ರಿ, ಅದೂ ಗೊತ್ತು. ಆಮೇಲೆ ಪಕ್ಕದ ರೂಮಿನ ಸಾಹೇಬರ ಹೆಸರು ಹೊಡೆದು, ಸೀದಾ ಆ ಕಳೆಯೋ ಕಾಲಮ್ಮಿಗೇ ಹೋದ್ರಲ್ಲ, ಯಾಕೆ ಸಾರ್?