ನಿಶಾಚರ ವಿದ್ಯಾರ್ಥಿ

ಊರೆಂದಮೇಲೆ ಅಲ್ಲೊಬ್ಬ ಅರ್ಚಕ, ಒಬ್ಬ ಜಗಳಗಂಟ, ಈ ಸಲದ ಮಳೆ ಇಂಥ ನಕ್ಷತ್ರದಲ್ಲಿಯೇ ಬೀಳುವುದೆಂದು ಪ್ರತಿ ವರ್ಷವೂ ಹೇಳಿ ಪ್ರತಿ ವರ್ಷವೂ ತಪ್ಪುವ ಒಬ್ಬ ವೃದ್ಧ ಇರತಕ್ಕದ್ದು ಹಿಂದಿನಿಂದ ನಡೆದುಬಂದ ಪದ್ಧತಿ. ಈಚಿನ ದಿನಗಳಲ್ಲಿ ಈ ಮಂಡಲಿಗೆ ಇನ್ನೊಬ್ಬನು ಸೇರಿಕೊಂಡಿದ್ದಾನೆ. ಅವನು ಸರಕಾರಿ ಕೆಲಸದ ಪರೀಕ್ಷೆಗಾಗಿ ರಾತ್ರಿಯೆಲ್ಲ ಓದುವವನು; ಸತ್ಯಕ್ಕೆ ಚ್ಯುತಿ ಬಾರದಂತೆ ಹೇಳಬೇಕಾದರೆ, ರಾತ್ರಿಯೆಲ್ಲ ಓದುವುದಕ್ಕೆ ಜಾಗ ಹುಡುಕುವವನು. ಧಾರವಾಡದ ಸಪ್ತಾಪುರದಲ್ಲಿಯೂ ಬೆಂಗಳೂರಿನ ವಿಜಯನಗರದಲ್ಲಿಯೂ ಇಂಥವರು ಸಾವಿರಗಟ್ಟಲೆ ಇದ್ದಾರೆ. ಆದರೆ ತಿಂಗಳಿಗಿಷ್ಟೆಂದು ಬಾಡಿಗೆ ತೆತ್ತು, ಮರದ ಹಲಗೆಗಳಿಂದ ಗೂಡುಗೂಡಾಗಿ ವಿಭಾಗಿಸಿದ ಓದುಕೋಣೆಗಳಲ್ಲಿ ಹಗಲಿರುಳೂ ಸಾಲಾಗಿ ಕುಳಿತಿರುವುದರಿಂದ, ಅವರಲ್ಲಿ ಒಬ್ಬೊಬ್ಬರ ಪ್ರತಿಭೆಯೂ ಬೇರೆಬೇರೆಯಾಗಿ ಪ್ರಕಾಶಕ್ಕೆ ಬರುವುದು ಕಷ್ಟ. ಆ ಜಾತಿಯ ರಸವತ್ತಾದ ಮಾದರಿಯನ್ನು ಕಾಣಬೇಕಾದರೆ, ಬಾಡಿಗೆಗೆ ಗೂಡು ಸಿಗದ, ಆದರೆ ಬೆಟ್ಟ, ರೈಲು, ದೇವಸ್ಥಾನ, ಮಗ್ಗ ಎಲ್ಲವೂ ಹತ್ತಿರದಲ್ಲಿಯೇ ಇರುವ, ದೊಡ್ಡಬಳ್ಳಾಪುರದ ಬಳಿಯ ಮಾಕಳಿದುರ್ಗದಂಥ ಕಡೆಗೆ ಬರಬೇಕು.

ನಮ್ಮ ಅಭ್ಯರ್ಥಿಯ ಮನೆ ಆ ದುರ್ಗದ ಬುಡದ ಹಳ್ಳಿಗಳಲ್ಲೊಂದರಲ್ಲಿದೆ. ಅವನ ನಿಜನಾಮಧೇಯವನ್ನು ಮತದಾರರ ಪಟ್ಟಿಯಿಂದಾಚೆಗೆ ಯಾರೂ ಬಳಸರು. ಊರವರಿಗೆ ಅವನು ‘ಡೀಸಿ ಸಾಹೇಬ್ರು’. ಪದವಿ ಮುಗಿಸಿ ಬಂದ ವರ್ಷ, ತಾನು ಕೆಎಎಸ್ ಬರೆಯುವುದಾಗಿ ಅರಳೀಕಟ್ಟೆಯ ಮೇಲೆ ಕುಳಿತು ಘೋಷಿಸಿದ ಸಾಯಂಕಾಲವೇ ಈ ಬಿರುದು ಸಂದಿತು. ತರುವಾಯ ಗುರಿಯು ಪಿಡಿಒಗೂ, ಅಲ್ಲಿಂದ ಎಫ್‌ಡಿಎಗೂ, ಅಲ್ಲಿಂದ ಗ್ರಾಮಲೆಕ್ಕಿಗನ ಹುದ್ದೆಗೂ ಕ್ರಮಕ್ರಮವಾಗಿ ಇಳಿದುಬಂದಿತಾದರೂ ಬಿರುದು ಮಾತ್ರ ಇಳಿಯಲಿಲ್ಲ. ಸರಕಾರವು ಗ್ರಾಮಲೆಕ್ಕಿಗನಿಗೆ ‘ಗ್ರಾಮ ಆಡಳಿತಾಧಿಕಾರಿ’ ಎಂದು ಹೊಸ ಹೆಸರನ್ನು ದಯಪಾಲಿಸಿದಾಗ, ತಾನು ಕುಳಿತಲ್ಲಿಯೇ ಬಡ್ತಿ ಹೊಂದಿದಷ್ಟು ಅವನು ಹರ್ಷಿತನಾದನು.

ಮನೆಯಲ್ಲಿಯೇ ಏಕೆ ಓದಬಾರದೆಂದು ಕೇಳುವವರು ಆ ಮನೆಯನ್ನು ನೋಡಿದವರಲ್ಲ. ಹತ್ತು ಗಂಟೆಯವರೆಗೆ ಅಮ್ಮನ ಧಾರಾವಾಹಿಗಳು. ಅವು ಮುಗಿದಮೇಲೆ ಅಪ್ಪನ ಕೆಮ್ಮು. ಬೆಳಗಿನ ಜಾವಕ್ಕೆ ಸೀಮೆಹಸುವಿನ ಹಾಲು ಕರೆದು ಡೈರಿಗೆ ಹಾಕುವ ಗಡಿಬಿಡಿ. ಇವುಗಳ ನಡುವೆ ನಿಶ್ಶಬ್ದವಾದ ನಾಲ್ಕೈದು ಗಂಟೆಗಳು ಉಳಿಯುವುದಿಲ್ಲವೇ ಎಂದರೆ, ಆ ಹೊತ್ತಿನಲ್ಲಿ ಎಲ್ಲರೂ ಮಲಗಿರುವುದನ್ನು ಕಂಡು ತನಗೂ ನಿದ್ರೆ ಬರುವುದೆಂಬ ಉತ್ತರ ಅವನ ಬಳಿ ಸಿದ್ಧವಾಗಿದೆ. ಪಂಚಾಯಿತಿಯ ಗ್ರಂಥಾಲಯವು ಈಗ ‘ಅರಿವು ಕೇಂದ್ರ’ವೆಂಬ ಹೆಸರಿನಿಂದ ಪುನರ್ಜನ್ಮ ತಾಳಿದೆಯಾದರೂ, ಅದು ಸಂಜೆಗೆ ಬಾಗಿಲು ಹಾಕುತ್ತದೆ, ಇವನಿಗೆ ಅರಿವಿನ ಹಸಿವು ಹುಟ್ಟುವುದು ರಾತ್ರಿಯ ಊಟವಾದ ಮೇಲೆ.

ಅವನು ಹೊರಡುವ ಸಂಭ್ರಮವನ್ನು ನೋಡತಕ್ಕದ್ದು. ಚೀಲದಲ್ಲಿ ಮಡಿಸಿದ ಪ್ಲಾಸ್ಟಿಕ್ ಚಾಪೆ, ಟೀ ತುಂಬಿದ ಫ್ಲಾಸ್ಕು, ಸೊಳ್ಳೆಬತ್ತಿ, ಮಫ್ಲರು, ಹಳೆಯ ‘ಸ್ಪರ್ಧಾ ವಿಜೇತ’ ಸಂಚಿಕೆಗಳು, ಮತ್ತು ನಾಲ್ಕು ಬಣ್ಣದ ಶಾಯಿಯಲ್ಲಿ ಬರೆದ ಒಂದು ವೇಳಾಪಟ್ಟಿ. ಅದರಲ್ಲಿ ಒಂದೂ ಹತ್ತರಿಂದ ಒಂದೂ ಇಪ್ಪತ್ತರವರೆಗೆ ‘ಚಿಂತನ’ ಎಂದಿದೆ. ಇವೆಲ್ಲದರ ಅಡಿಯಲ್ಲಿ ಇತಿಹಾಸದ ದಪ್ಪ ಗೈಡು. ಒಮ್ಮೆ ಅದನ್ನು ಕೈಗೆ ತೆಗೆದುಕೊಂಡು ನೋಡಿದೆನು. ಮೊದಲ ನಲವತ್ತು ಪುಟಗಳು ಬೆರಳ ಬೆವರಿನಿಂದ ಕಪ್ಪಗಾಗಿ, ಮೂಲೆಗಳು ಸುರುಳಿಗಟ್ಟಿ, ಅಡಿಗೆರೆಗಳ ಮೇಲೆ ಅಡಿಗೆರೆ ಬಿದ್ದು ಉಬ್ಬಿಕೊಂಡಿದ್ದವು. ನಲವತ್ತೊಂದನೆಯದರಿಂದ ಮುಂದಕ್ಕೆ ಪುಸ್ತಕವು ಅಚ್ಚುಕೂಟದ ಕನ್ಯಾಶುಭ್ರತೆಯನ್ನು ಉಳಿಸಿಕೊಂಡಿತ್ತು. ಕಾರಣ ಸರಳವಾದುದು. ಹೊಸ ಜಾಗದಲ್ಲಿ ಕುಳಿತಾಗ ಮೊದಲಿನಿಂದ ಪ್ರಾರಂಭಿಸುವುದೇ ಶುಭವೆಂದು ಅವನ ನಂಬಿಕೆ. ಜಾಗವೋ, ವಾರಕ್ಕೊಂದು ಹೊಸದು. ಆದ್ದರಿಂದ ಹರಪ್ಪದ ಇಟ್ಟಿಗೆ, ಮೊಹೆಂಜೊದಾರೋವಿನ ಮಹಾಸ್ನಾನಗೃಹ, ಲೋಥಾಲಿನ ಹಡಗುಕಟ್ಟೆ, ಇವುಗಳನ್ನು ಕುರಿತು ಪ್ರಾಚ್ಯವಸ್ತು ಇಲಾಖೆಯವರಿಗಿಂತ ಹೆಚ್ಚಿನ ಮಾತು ಅವನಲ್ಲಿದೆ. ಆರ್ಯರು ಮಾತ್ರ ಇನ್ನೂ ಬಂದಿಲ್ಲ. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ವಿದುರಾಶ್ವತ್ಥವು ಇದೇ ರೈಲುದಾರಿಯಲ್ಲಿ ಗೌರಿಬಿದನೂರಿನಿಂದಾಚೆಗೆ ಇದ್ದು, ಪ್ಯಾಸೆಂಜರ್ ಗಾಡಿಯೇ ಬೇಗನೆ ಮುಟ್ಟಿಸುತ್ತದೆ. ಪಠ್ಯಕ್ರಮದ ಮಾರ್ಗವಾಗಿ ಹೊರಟ ನಮ್ಮ ಅಭ್ಯರ್ಥಿಗೆ ಅದು ಇನ್ನೂ ದೂರ.

ಜಾಗಗಳಲ್ಲಿ ಅಗ್ರಪೂಜೆ ಸಲ್ಲಬೇಕಾದದ್ದು ರೈಲು ನಿಲ್ದಾಣಕ್ಕೆ. ಬೆಟ್ಟದ ಬುಡವನ್ನು ಬಳಸಿಕೊಂಡು ಹಳಿ ತಿರುಗುವ ಕಡೆ ಪುಟ್ಟದಾಗಿ ನಿಂತಿರುವ ಈ ನಿಲ್ದಾಣದಲ್ಲಿ ದೊಡ್ಡ ಗಾಡಿಗಳು ನಿಲ್ಲವು. ದೀಪಗಳು ಮಾತ್ರ ಬೆಳಗಿನವರೆಗೆ ಉರಿಯುತ್ತವೆ. ಕೆಲಸವಿಲ್ಲದೆ ಪ್ಲಾಟ್‌ಫಾರಮ್ಮಿನಲ್ಲಿ ಕುಳಿತವನೆಂಬ ಅಪವಾದ ಬರಬಾರದೆಂದು ಅವನು ತೊಂಡೇಬಾವಿಗೆ ಒಂದು ಟಿಕೇಟು ಕೊಂಡು, ಎಂದೂ ಹೊರಡದ ಪ್ರಯಾಣಿಕನಾಗಿ ಕಲ್ಲುಬೆಂಚಿನ ಮೇಲೆ ವಿರಾಜಮಾನನಾಗುತ್ತಿದ್ದನು. ನಿಲ್ದಾಣದಲ್ಲಿ ಓದುವುದೇನೂ ಹಾಸ್ಯಾಸ್ಪದವಾದ ಯೋಚನೆಯಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಬಿಹಾರದ ಸಾಸಾರಾಮಿನಲ್ಲಿ ಮನೆಯ ವಿದ್ಯುತ್ತನ್ನು ನಂಬಲಾರದ ನೂರಾರು ಹುಡುಗರು ಸ್ಟೇಷನ್ನಿನ ದೀಪದಡಿ ಗುಂಪುಗುಂಪಾಗಿ ಓದಿ ನೌಕರಿ ಹಿಡಿದದ್ದುಂಟು. ಎರ್ನಾಕುಲಂ ನಿಲ್ದಾಣದ ಹಮಾಲಿಯೊಬ್ಬನು ಪ್ರಯಾಣಿಕರಿಗೆಂದು ಬಿಟ್ಟಿಯಾಗಿ ಕೊಟ್ಟ ವೈಫೈಯಲ್ಲಿ ಪಾಠ ಕೇಳುತ್ತಲೇ ಮೂಟೆ ಹೊತ್ತು ಕೇರಳದ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದೂ ಉಂಟು. ಇವೆರಡೂ ನಮ್ಮವನಿಗೆ ಬಾಯಿಪಾಠ. ಆದರೆ ಮಾಕಳಿದುರ್ಗದಲ್ಲಿ ರಾತ್ರಿ ಪಾಳಿಯ ಮಾಸ್ತರರಿಗೆ ಮಾತಿಗೆ ಜನ ಸಿಗರು. ಗೂಡ್ಸು ಗಾಡಿ ಬರುವವರೆಗೆ ಅವರು ಲೋಕಾಭಿರಾಮವಾಗಿ ಮಾತನಾಡುವರು. ಗಾಡಿ ಬಂದಾಗ ಅದರ ಸದ್ದಿನಲ್ಲಿ ಓದಲಾಗದು. ಹೋದಮೇಲೆ, ಮಾತು ಎಲ್ಲಿ ನಿಂತಿತ್ತೆಂದು ಇಬ್ಬರೂ ಕೂಡಿ ನೆನಪು ಮಾಡಿಕೊಳ್ಳುವರು. ಆ ಋತುವಿನ ಕೊನೆಗೆ ಅವನು ಟೋಕನ್ನು, ಸಿಗ್ನಲ್ಲು, ಕ್ರಾಸಿಂಗುಗಳ ವಿಷಯದಲ್ಲಿ ರೈಲ್ವೆಯ ಪರೀಕ್ಷೆಗೆ ಕುಳಿತಿದ್ದರೆ ಗೆಲ್ಲುವ ಮಟ್ಟದಲ್ಲಿದ್ದನು. ಆ ಪರೀಕ್ಷೆಗೆ ಅರ್ಜಿ ಹಾಕಿರಲಿಲ್ಲ.

ಬೀದಿದೀಪದ ಮಹಿಮೆಯನ್ನು ಅವನು ಬಣ್ಣಿಸುವಾಗ ಕಲಕತ್ತೆಯ ಈಶ್ವರಚಂದ್ರ ವಿದ್ಯಾಸಾಗರರೂ ಮದರಾಸು ಹೈಕೋರ್ಟಿನ ಸರ್ ಟಿ. ಮುತ್ತುಸ್ವಾಮಿ ಅಯ್ಯರವರೂ ಸಾಕ್ಷಿಗಳಾಗಿ ಬರುವರು. ಕಡೆಯಲ್ಲಿ, ನಂದಿಬೆಟ್ಟದ ಆಚೆಯ ಮುದ್ದೇನಹಳ್ಳಿಯಿಂದ ಸರ್ ಎಂ. ವಿಶ್ವೇಶ್ವರಯ್ಯನವರು ಬಂದೇ ಬರುವರು. ಮೇಷ್ಟರ ಚಾಳಿ ಸುಮ್ಮನಿರಗೊಡದೆ ನಾನು ಒಂದು ದಿನ, “ಅವರು ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದ್ದು 1881ರಲ್ಲಿ, ಬೆಂಗಳೂರಿನ ಬೀದಿಗೆ ಶಿವನಸಮುದ್ರದ ವಿದ್ಯುತ್ತು ಬಂದದ್ದು 1905ರಲ್ಲಿ. ಓದಿದ ದೀಪ ಯಾವುದಪ್ಪ?” ಎಂದು ಕೇಳಿಬಿಟ್ಟೆನು.

“ಸೀಮೆಎಣ್ಣೆ ದೀಪ ಇರಲಿಲ್ಲವಾ ಮೇಷ್ಟ್ರೇ?” ಎಂದು ಅವನು ಕ್ಷಣವೂ ತಡೆಯದೆ ಹೇಳಿದನು. “ಬೆಳಕು ಕಮ್ಮಿ ಇದ್ದಷ್ಟೂ ಮನಸ್ಸು ಒಂದೇ ಕಡೆ ನಿಲ್ಲುತ್ತೆ. ನಮ್ಮ ಪಂಚಾಯ್ತಿಯೋರು ಹಾಕಿರೋ ಎಲ್‌ಇಡಿ ನೋಡಿ, ಹುಳ ಬಂದು ಪುಸ್ತಕದ ಮೇಲೆ ಬೀಳ್ತವೆ. ಅಂಥ ದೀಪದಲ್ಲಿ ಅವರೂ ಓದೋಕಾಗ್ತಿರಲಿಲ್ಲ.”

ಘಾಟಿ ಸುಬ್ರಹ್ಮಣ್ಯದ ಛತ್ರವು ಹೆಚ್ಚು ದಿನ ಒದಗಲಿಲ್ಲ. ಪುಷ್ಯದ ಬ್ರಹ್ಮರಥೋತ್ಸವದ ಕಾಲದಲ್ಲಿ ದನಗಳ ಜಾತ್ರೆಯ ಗದ್ದಲ. ಉಳಿದ ದಿನಗಳಲ್ಲಿ ನಾಗಪ್ರತಿಷ್ಠೆಗೆ ಬಂದ ಬಳಗಗಳು. ಆ ಹೆಂಗಸರು ರಾತ್ರಿಯೆಲ್ಲ ಸಂಬಂಧಗಳ ಮಾತನಾಡುತ್ತ, ಮೂಲೆಯಲ್ಲಿ ಕುಳಿತಿದ್ದ ಇವನನ್ನು ಕಂಡು, “ಹುಡುಗನಿಗೆ ಏನು ಕೆಲಸ?” ಎಂದು ಕೇಳಿದ ರಾತ್ರಿಯೇ ಅವನು ಚಾಪೆ ಸುತ್ತಿದನು. ದೊಡ್ಡಬಳ್ಳಾಪುರದಲ್ಲಿ ಭಾವನ ಮಗ್ಗದ ಶೆಡ್ಡಿನಲ್ಲಿಯೂ ಕೆಲವು ರಾತ್ರಿ ಕಳೆದನು. ವಿದ್ಯುನ್ಮಗ್ಗಗಳ ಲಟಪಟವು ತಾಳಬದ್ಧವಾಗಿದ್ದು ಜೋಗುಳದ ಕೆಲಸ ಮಾಡಿತೆಂದು ವರದಿ.

ಪಂಪ್‌ಹೌಸಿನ ಅಧ್ಯಾಯವನ್ನು ಮಾತ್ರ ಇಷ್ಟು ಬೇಗ ಮುಗಿಸಲಾಗದು. ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬೀಳುವ ವಾರಗಳಲ್ಲಿ ರೈತನಾದವನು ಎದ್ದು ತೋಟಕ್ಕೆ ಹೋಗಿ ಮೋಟಾರು ಹಾಕಬೇಕಾದದ್ದು ಈ ಸೀಮೆಯ ಹಣೆಬರಹ. ಊರಿನ ಹಿರಿಯ ಗೌಡರೊಬ್ಬರು ತಮ್ಮ ಪಂಪ್‌ಹೌಸಿನ ಬೀಗದ ಕೈಯನ್ನು ಇವನಿಗೆ ಒಪ್ಪಿಸಿ, “ನೀನ್ ಹೆಂಗೂ ಎದ್ದಿರ್ತೀಯ ಕಣಪ್ಪಾ, ಕರೆಂಟ್ ಬಂದೇಟ್ಗೆ ಒಂದ್ ಸ್ವಿಚ್ಚು ಹಾಕ್ಬುಡು” ಎಂದರು. ಸ್ವಿಚ್ಚಿನಿಂದ ಪ್ರಾರಂಭವಾದ ಕೈಂಕರ್ಯವು ಮೊದಲ ವಾರದಲ್ಲಿಯೇ ಹಿಪ್ಪುನೇರಳೆಯ ಸಾಲಿಗೆ ನೀರು ತಿರುಗಿಸುವವರೆಗೆ ಬೆಳೆಯಿತು. ಕನಿಕರದಿಂದ ಗೌಡರೂ ಜೊತೆಗೆ ಬಂದು ಮಂಚದ ಮೇಲೆ ಮಲಗತೊಡಗಿದರು. ಇವನಿಗೆ ಗಟ್ಟಿಯಾಗಿ ಓದುವ ಅಭ್ಯಾಸ. ಅವರಿಗೆ ವೃದ್ಧಾಪ್ಯದ ನಿದ್ರಾಹೀನತೆ. ಇದರ ಪರಿಣಾಮ ಮುಂದಿನ ಗ್ರಾಮಸಭೆಯಲ್ಲಿ ಪ್ರಕಟವಾಯಿತು. ಕ್ರಿಯಾಯೋಜನೆಯನ್ನು ಓದುತ್ತಿದ್ದ ಪಿಡಿಒರವರನ್ನು ನಡುವೆಯೇ ತಡೆದು ಗೌಡರು ಎದ್ದು ನಿಂತು, “ಅಲ್ಲಾ ಸ್ವಾಮಿ, ನಾಲ್ಕೂವರೆ ಸಾವಿರ ವರ್ಸದ ಹಿಂದೇನೆ ಆ ಹರಪ್ಪದೋರು ಚರಂಡಿಗೆ ಚಪ್ಪಡಿ ಮುಚ್ಚಿದ್ರಂತೆ. ನಮ್ ಬೀದಿ ಚರಂಡಿಗೆ ನಿಮ್ಗೇನ್ ದಾಡಿ?” ಎಂದು ಕೇಳಿದರು. ಸಭೆ ಸ್ತಬ್ಧವಾಯಿತು. ಚರಂಡಿಯ ಮೇಲೆ ಈಗ ಚಪ್ಪಡಿಯಿದೆ. ನಮ್ಮ ಅಭ್ಯರ್ಥಿಯ ಅಧ್ಯಯನದಿಂದ ಲೋಕಕ್ಕೆ ಈವರೆಗೆ ಆದ ಪ್ರತ್ಯಕ್ಷ ಪ್ರಯೋಜನ ಇದೊಂದೇ, ಮತ್ತು ಅದು ಅಲ್ಪವಾದುದೆಂದು ನಾನು ಹೇಳಲಾರೆ.

ಬೆಟ್ಟವನ್ನೂ ಅವನು ಬಿಟ್ಟಿಲ್ಲ. ಮೇಲಿನ ಕೋಟೆಯೊಳಗೆ ಶಿವನ ಗುಡಿಯೂ ನಂದಿಯೂ ಇದ್ದು, ಮಾರ್ಕಂಡೇಯ ಮಹರ್ಷಿಗಳು ಅಲ್ಲಿ ತಪಸ್ಸು ಮಾಡಿದರೆಂದು ಪ್ರತೀತಿ. ಹದಿನಾರನೆಯ ವಯಸ್ಸಿನಲ್ಲಿಯೇ ಚಿರಕಾಲ ನಿಂತುಬಿಡುವ ವರ ಪಡೆದ ಆ ಮುನಿಯಲ್ಲಿ ಇವನಿಗಿರುವ ಭಕ್ತಿ ಕೇವಲ ಪಾರಮಾರ್ಥಿಕವಾದುದಲ್ಲ. ಸರಕಾರಿ ಕೆಲಸಕ್ಕೆ ವರ್ಗಕ್ಕೊಂದರಂತೆ ವಯೋಮಿತಿ ನಡೆದುಬಂದಿರುವ ನಾಡಿನಲ್ಲಿ, ಯಮನನ್ನು ಗೆದ್ದದ್ದಕ್ಕಿಂತ ಈ ಮಿತಿಯನ್ನು ಗೆದ್ದದ್ದೇ ಮಾರ್ಕಂಡೇಯನ ಹಿರಿದಾದ ಸಾಧನೆಯೆಂದು ಅವನ ಮತ. ಚಾರಣಕ್ಕೆ ಮುಂಗಡ ಚೀಟಿ ಪಡೆಯಬೇಕೆಂಬ ಕಟ್ಟುಪಾಡು ಬರುವುದಕ್ಕೆ ಮೊದಲು, ಏಕಾಂತವನ್ನು ಅರಸಿ ಅವನು ಒಂದು ಶನಿವಾರ ರಾತ್ರಿ ಮೇಲೇರಿದನು. ಅಲ್ಲಿ ಸೂರ್ಯೋದಯಕ್ಕೆಂದು ಬೆಂಗಳೂರಿನಿಂದ ಬಂದ ಯುವಕ ಯುವತಿಯರು ತಲೆಗೆ ದೀಪ ಕಟ್ಟಿಕೊಂಡು ಹಾಡು ಹಾಕಿದ್ದರು. ಅವರಲ್ಲೊಬ್ಬನು ಮಾತ್ರ ಬಂಡೆಯ ಮರೆಯಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು, ಅಮೆರಿಕದ ಹಗಲಿಗೆ ಸರಿಯಾಗಿ ಏನನ್ನೋ ದುರಸ್ತಿ ಮಾಡುತ್ತಿದ್ದನು. ಪಿ.ಜಿ.ಯ ಕೋಣೆಯಲ್ಲಿ ಮೂವರು, ಹೋಟೆಲಿನಲ್ಲಿ ಗಲಾಟೆ, ಆಫೀಸಿನಲ್ಲಿ ಎ.ಸಿ. ಚಳಿ, ಆದಕಾರಣ ತನಗೂ ರಾತ್ರಿ ಕೆಲಸಕ್ಕೆ ಕೂರಲು ಜಾಗವಿಲ್ಲವೆಂದು ಅವನು ತೋಡಿಕೊಂಡನಂತೆ. ಸಂಬಳ ಬರುವವನಿಗೂ ಇದೇ ಗತಿಯೆಂಬುದನ್ನು ಕೇಳಿ ನಮ್ಮವನಿಗೆ ಉಂಟಾದ ಸಮಾಧಾನವನ್ನು ವರ್ಣಿಸುವುದು ಕಷ್ಟ. ಬೆಳಗಾಗುವುದರೊಳಗೆ ಆ ಹುಡುಗನಿಗೆ ಯಶವಂತಪುರದಿಂದ ಹಿಂದೂಪುರದವರೆಗಿನ ನಿಲ್ದಾಣಗಳ ಬೆಂಚು, ದೀಪ, ಚಾರ್ಜರಿನ ಸೌಕರ್ಯಗಳ ವಿವರವನ್ನು ಬರೆದುಕೊಟ್ಟು ಇಳಿದನು.

ಈ ಖ್ಯಾತಿ ಈಗ ಹಬ್ಬಿದೆ. ಅಕ್ಕಪಕ್ಕದ ಹಳ್ಳಿಗಳ ಹೊಸ ಅಭ್ಯರ್ಥಿಗಳು, “ಅಣ್ಣಾ, ಎಲ್ಲಿ ಓದೋದು?” ಎಂದು ಅವನನ್ನೇ ಕೇಳಿಕೊಂಡು ಬರುತ್ತಾರೆ, ಅವನು ಹೇಳಿದ ಕಡೆ ಹೋಗಿ ಕುಳಿತು, ಓದಿ, ಪಾಸಾಗಿ, ಸಿಹಿ ತಂದುಕೊಡುತ್ತಾರೆ. ಹೋದ ವರ್ಷ ಅವನ ಸೋದರಮಾವ ಮನೆಯ ಮೇಲೆ ಒಂದು ಕೋಣೆ ಕಟ್ಟಿಸಿ, ಮೇಜು, ಕುರ್ಚಿ, ಫ್ಯಾನು, ಕಿಟಕಿಗೆ ಸೊಳ್ಳೆಜಾಲರಿ ಹಾಕಿಸಿ, ಕೀಲಿಯನ್ನು ಕೈಗಿತ್ತರು. ಅವನ ಮುಖ ಅಷ್ಟು ಬಾಡಿದ್ದನ್ನು ಹಿಂದೆಂದೂ ನಾನು ಕಂಡಿರಲಿಲ್ಲ. ಎರಡು ರಾತ್ರಿ ಕಳೆದು ಕೀಲಿ ಹಿಂದಕ್ಕೆ ಬಂದಿತು. ಅಲ್ಲಿ ಸದ್ದೇ ಇಲ್ಲದಿರುವುದರಿಂದ ಕಿವಿಯೊಳಗೆ ಗುಂಯ್ ಎನ್ನುತ್ತದೆಂದು ಕಾರಣ.

ಮೊನ್ನೆಯ ಪರೀಕ್ಷೆಗೆ ಅವನಿಗೆ ಕೇಂದ್ರ ಬಿದ್ದದ್ದು ಕಲಬುರಗಿಯಲ್ಲಿ. ಮಾಕಳಿದುರ್ಗದಲ್ಲಿ ನಿಲ್ಲದೆ ಹಾದುಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸನ್ನು ಬೆಂಗಳೂರಿಗೆ ಹೋಗಿ ಹತ್ತಿ, ಅದೇ ಮಾಕಳಿದುರ್ಗದ ಮೇಲಿಂದ ಹಾದು, ಬರೆದು, ಹಿಂದಿರುಗಿದನು. ಪೇಪರ್ ಹೇಗಿತ್ತಪ್ಪ ಎಂದು ಕೇಳಿದೆನು.

“ಅದಿರಲಿ ಮೇಷ್ಟ್ರೇ, ಕಲಬುರಗಿ ಸ್ಟೇಷನ್ನಿನ ವೇಟಿಂಗ್ ಹಾಲು ನೀವು ನೋಡಬೇಕು! ಮೂಲೇಲಿ ಒಂದು ಬೆಂಚು. ಫ್ಯಾನಿನ ಗಾಳಿ ಪುಟ ತಿರುವೋಷ್ಟು ಬೀಸಲ್ಲ, ಸೊಳ್ಳೆ ಕೂರೋಷ್ಟು ಬಿಡಲ್ಲ. ಅಲ್ಲಿ ಒಂದು ವಾರ ಸಿಕ್ಕಿದ್ದಿದ್ದರೆ...”

ಪ್ರಶ್ನೆಪತ್ರಿಕೆಯಲ್ಲಿ ಹರಪ್ಪದ ಮೇಲೆ ಒಂದೇ ಪ್ರಶ್ನೆ ಬಂದಿತ್ತೆಂತಲೂ, ಆಯೋಗವು ಪ್ರಕಟಿಸಿದ ಕೀ ಉತ್ತರವೇ ತಪ್ಪೆಂತಲೂ, ಅದಕ್ಕೆ ತಾನು ಆಕ್ಷೇಪಣೆ ಬರೆಯಬೇಕಾಗಿದೆಯೆಂತಲೂ ಆಮೇಲೆ ತಿಳಿಯಿತು. ವಿಷಯ ಗಹನವಾದ್ದರಿಂದ ರಾತ್ರಿಯ ಹೊತ್ತು ಕುಳಿತು ಬರೆಯತಕ್ಕದ್ದು. ಅದಕ್ಕೊಂದು ಸರಿಯಾದ ಜಾಗವಾಗಬೇಕು. ನಿಮ್ಮ ಮನೆಯ ಜಗಲಿ ರಾತ್ರಿ ಖಾಲಿಯೇ ಅಲ್ಲವೇ, ಎಂದು ಕೇಳಿದನು. ಜಗಲಿಯ ದೀಪ ಹೋಗಿ ತಿಂಗಳಾಯಿತಲ್ಲಪ್ಪ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ, ಅವನು ಚೀಲದಿಂದ ಹೊಸ ಬಲ್ಬೊಂದನ್ನು ಹೊರತೆಗೆದು ಕುರ್ಚಿ ಎಳೆದುಕೊಂಡು ಮೇಲೆ ಹತ್ತಿದ್ದನು.