ಸಸ್ಯವಿವೇಕ ಮೀಮಾಂಸೆ: ಜಂತುಹುಳು ಪ್ರಕರಣ

‘ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ.’ ಇದು ಮೂಲಸೂತ್ರ. ಸೂತ್ರಕಾರರು ಯಾರೆಂದು ತಿಳಿಯದು. ಭಾಷ್ಯಕಾರರು ಮಾತ್ರ ಬೀದಿಗಿಬ್ಬರಂತೆ ಸಿಗುತ್ತಾರೆ. ನೈಯಾಯಿಕರ ನಾಲ್ಕು ಪ್ರಮಾಣಗಳಲ್ಲಿ ಯಾವುದರಿಂದಲೂ ಸೂತ್ರ ಸಿದ್ಧವಾಗದ ಕಾರಣ ‘ನಮ್ಮಜ್ಜಿ ಕೊಡ್ತಿದ್ರು’ ಎಂಬ ಐದನೆಯ ಪ್ರಮಾಣವನ್ನು ಇಲ್ಲಿ ಅಂಗೀಕರಿಸಲಾಗಿದೆ. ಬದುಕಿ ಉಳಿದ ಮೊಮ್ಮಕ್ಕಳು ಮಾತ್ರ ಸಾಕ್ಷಿ ಹೇಳಲು ಬರುವುದರಿಂದ ಈ ಪ್ರಮಾಣ ಎಂದೂ ಸೋತದ್ದಿಲ್ಲ.

ಈಗ ಸಿದ್ಧಾಂತ. ಹುಳು ಸಾಯಬೇಕಾದರೆ ಕಷಾಯ ವಿಷವಾಗಿರಬೇಕು. ಮಗು ಉಳಿಯಬೇಕಾದರೆ ವಿಷವಾಗಿರಬಾರದು. ಒಂದೇ ಹೊಟ್ಟೆಯಲ್ಲಿ, ಒಂದೇ ಹೊತ್ತಿನಲ್ಲಿ ಎರಡೂ ಆಗಬೇಕಾದ್ದರಿಂದ ಗಿಡಕ್ಕೆ ವಿವೇಕವಿದೆ ಎಂದು ಒಪ್ಪದೆ ಗತಿಯಿಲ್ಲ. ಎದುರಿಗಿರುವುದು ದುಂಡುಹುಳುವೋ ನಮ್ಮ ಗುಂಡನೋ ಎಂಬುದನ್ನು ಅದು ನೋಡಿದೊಡನೆ ಗುರುತಿಸುತ್ತದೆ.

ಪರದೇಶದ ಗಿಡಗಳು ಈ ಪರೀಕ್ಷೆಯಲ್ಲಿ ಫೇಲಾದದ್ದನ್ನು ಮುಚ್ಚಿಡುವುದಿಲ್ಲ. ಫ್ರಾನ್ಸಿನ ಹದಿನಾರನೇ ಲೂಯಿ ಸ್ವಿಟ್ಜರ್ಲೆಂಡಿನ ಮದಾಂ ನೂಫರ್ ಎಂಬ ವಿಧವೆಗೆ 18,000 ಲಿವ್ರ್ ಕೊಟ್ಟು ಲಾಡಿಹುಳುವಿನ ರಹಸ್ಯ ಮದ್ದನ್ನು ಕೊಂಡು, 1775ರಲ್ಲಿ ಪ್ರಕಟಿಸಿದ. ರಹಸ್ಯವೆಂದರೆ ಒಂದು ಜರೀಗಿಡದ ಬೇರು. ಹುಳು ಬಿದ್ದದ್ದು ನಿಜ. ಅದರ ಸಾರ ಹೆಚ್ಚಾದವರಲ್ಲಿ ಕೆಲವರ ಕಣ್ಣು ಹೋದದ್ದೂ ನಿಜ. ಜೊತೆಗೆ ಹರಳೆಣ್ಣೆ ಕುಡಿಸಿದರೆ ವಿಷ ಮೈಗೆ ಹತ್ತುವುದು ಇನ್ನೂ ಹೆಚ್ಚೆಂದು ಹಳೆಯ ವೈದ್ಯಪುಸ್ತಕಗಳೇ ಎಚ್ಚರಿಸಿದ್ದವು. ನಮ್ಮ ಮಾಚಿಪತ್ರೆಯ ದಾಯಾದಿಯೊಂದರಿಂದ ತೆಗೆದ ಸ್ಯಾಂಟೋನಿನ್ ಕುಡಿದವರಿಗೆ ಲೋಕವೆಲ್ಲ ಹಳದಿಯಾಗಿ ಕಾಣುತ್ತಿತ್ತು. ಅಮೆರಿಕದ ಚಿನೋಪೋಡಿಯಂ ಎಣ್ಣೆಯಲ್ಲಿದ್ದ ಆಸ್ಕರಿಡೋಲ್ ಕಾಯಿಸಿದರೆ ಸಿಡಿಯುವಂಥ ವಸ್ತು. ಅದನ್ನು ಕುಡಿದು ಸತ್ತವರಲ್ಲಿ ಮಕ್ಕಳೂ ಇದ್ದರು.

ಇವೆಲ್ಲ ಮ್ಲೇಚ್ಛ ಸಸ್ಯಗಳು, ಸಂಸ್ಕಾರ ಸಾಲದು ಎಂದು ಸಮಾಧಾನ ಹೇಳಬಹುದಿತ್ತು. ಆದರೆ ಮಧ್ಯೆ ಬೇವಿನೆಣ್ಣೆ ಬಂತು. ಮಲೇಷ್ಯಾದಲ್ಲಿ ಹಸುಗೂಸುಗಳಿಗೆ ಕುಡಿಸಿದಾಗ ವಾಂತಿ, ಮಂಪರು, ಫಿಟ್ಸು, ಮಿದುಳಿನ ಬಾವು, ಸಾವು ಕಂಡುಬಂದದ್ದನ್ನು ಅಲ್ಲಿನ ವೈದ್ಯರು 1981ರಲ್ಲೇ ವರದಿ ಮಾಡಿದ್ದಾರೆ. ನಮ್ಮದೇ ಬೇವು, ಪರದೇಶಕ್ಕೆ ಹೋಗಿ ಕೆಟ್ಟಿತು ಎಂದು ಸದ್ಯಕ್ಕೆ ವ್ಯಾಖ್ಯಾನಿಸೋಣ. ಅಡಿಕೆಯದು ಇನ್ನೂ ಸೂಕ್ಷ್ಮ. ಅದರ ಅರೆಕೋಲಿನ್ ಲಾಡಿಹುಳುವಿಗೆ ಲಕ್ವ ಹೊಡೆಸುತ್ತದೆ. ನಾಯಿಗಳಿಗೆ ಆ ಮದ್ದು ಕೊಟ್ಟು ಭೇದಿ ಮಾಡಿಸಿದ್ದುಂಟು. ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಅಧ್ಯಯನ ವಿಭಾಗ ಬರೆದಿಟ್ಟಿದೆ. ಶಿರಸಿ, ಸಾಗರದ ಕಡೆ ಈ ವಾಕ್ಯವನ್ನು ಮೆಲ್ಲಗೆ ಓದತಕ್ಕದ್ದು.

ವಾಯುವಿಡಂಗ, ಮುತ್ತುಗದ ಬೀಜ, ಕಾಡುಜೀರಿಗೆಗಳ ಪರವಾಗಿ ಪ್ರಯೋಗಶಾಲೆಯ ಆಧಾರ ಬೇಕೆನ್ನುವವರಿಗೂ ಕೊರತೆಯಿಲ್ಲ. ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಎರೆಹುಳುವನ್ನು ಬಟ್ಟಲಲ್ಲಿ ಬಿಟ್ಟು, ಮೇಲೆ ಸೊಪ್ಪಿನ ಸಾರ ಹುಯ್ದು, ಅದು ಎಷ್ಟು ಹೊತ್ತಿಗೆ ನಿಶ್ಚೇಷ್ಟವಾಯಿತೆಂದು ಗಡಿಯಾರ ನೋಡಿ ಬರೆದ ಪ್ರಬಂಧಗಳು ಬೇಕಾದಷ್ಟಿವೆ. ಮಗುವಿನ ಹೊಟ್ಟೆಯಲ್ಲಿ ಎರೆಹುಳು ಸಾಕಿಕೊಂಡ ಮನೆಯವರಿಗೆ ಇವು ಅತ್ಯಂತ ಉಪಯುಕ್ತ. ಬಟ್ಟಲಿಗೆ ಯಕೃತ್ತಿಲ್ಲ, ಮೂತ್ರಪಿಂಡವಿಲ್ಲ. ಹೀಗಾಗಿ ಅದಕ್ಕೆ ಸೈಡ್ ಎಫೆಕ್ಟ್ ಆದ ದಾಖಲೆಯೂ ಇಲ್ಲ.

ಪ್ರಮಾಣದ ವಿಚಾರ ಗಹನ. ಮಿಲಿಗ್ರಾಂ ಎಂಬುದು ಪಾಶ್ಚಾತ್ಯ ಸಂಕುಚಿತ ಬುದ್ಧಿ. ನಮ್ಮ ಮಾನಗಳು ಚಿಟಿಕೆ, ಹಿಡಿ, ಒಂದು ಒಳಲೆ. ಯಾರ ಚಿಟಿಕೆ ಎಂದು ಕೇಳಬಾರದು. ಮಳೆಗಾಲದಲ್ಲಿ ಕಿತ್ತ ತೊಗಟೆಗೂ ಬೇಸಗೆಯದಕ್ಕೂ ಒಳಗಿನ ಸತ್ವ ಬೇರೆಯಲ್ಲವೇ ಎಂದು ಅಂಗಡಿಯವನನ್ನು ಕೇಳಿದರೆ ‘ಎರಡೂ ಒರಿಜಿನಲ್ಲೇ ಸಾರ್’ ಎನ್ನುತ್ತಾನೆ. ರೋಗನಿರ್ಣಯವೂ ಅಷ್ಟೇ ಶಾಸ್ತ್ರೀಯ: ರಾತ್ರಿ ಹಲ್ಲು ಕಡಿದರೆ ಹುಳು, ಬೆಲ್ಲ ಕದ್ದು ತಿಂದರೆ ಹುಳು, ಲೆಕ್ಕ ಬರದಿದ್ದರೆ ಹುಳು. ದಿನಕ್ಕೆ ಎರಡು ಲಕ್ಷ ಮೊಟ್ಟೆಯಿಡುವ ನಿಜವಾದ ದುಂಡುಹುಳು ಬೆಲ್ಲದ ಡಬ್ಬಿಯಿಂದಲ್ಲ, ಮಲ ಬೆರೆತ ಮಣ್ಣಿನಿಂದ ಬರುತ್ತದೆ ಎಂಬುದು ಡಬ್ಬಿ ಕಾಯುವ ತಾಯಂದಿರ ಹಿತಕ್ಕೆ ವಿರುದ್ಧ.

ಪ್ರತಿವಾದಿ ಆಲ್ಬೆಂಡಜೋಲ್. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವೆಂದು ಶಾಲೆ, ಅಂಗನವಾಡಿಗಳಲ್ಲಿ ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಅಗಿಸುವ 400 ಮಿಲಿಗ್ರಾಂ ಮಾತ್ರೆ. ಎರಡು ತುಂಬದವರಿಗೆ ಅರ್ಧ. ಇದು ಹುಳುವಿನ ಜೀವಕೋಶದ ಟ್ಯೂಬುಲಿನ್ ಎಂಬ ಪ್ರೋಟೀನನ್ನು ಬಿಗಿಯಾಗಿ ಹಿಡಿಯುತ್ತದೆ, ನಮ್ಮದನ್ನು ಅಷ್ಟಾಗಿ ಹಿಡಿಯುವುದಿಲ್ಲ. ಕರುಳಿನಿಂದ ರಕ್ತಕ್ಕೆ ಸೇರುವುದೂ ಕಡಿಮೆ. ಅಂದರೆ ನಾವು ಗಿಡದಲ್ಲಿ ಹುಡುಕುತ್ತಿದ್ದ ವಿವೇಕ ಮಾತ್ರೆಯಲ್ಲಿ ಸಿಕ್ಕಿಬಿಟ್ಟಿದೆ. ಇದು ಸಿದ್ಧಾಂತಕ್ಕೆ ಮುಜುಗರದ ಸಂಗತಿ. ಅದೃಷ್ಟವಶಾತ್ ಮಾತ್ರೆಯದೂ ಒಂದು ದೌರ್ಬಲ್ಯವಿದೆ: ಕೆಲವರಿಗೆ ಹೊಟ್ಟೆನೋವು, ವಾಕರಿಕೆ ಬರಬಹುದೆಂದು ಕಾಗದದಲ್ಲಿ ಒಪ್ಪಿಕೊಳ್ಳುತ್ತದೆ. ಎಣ್ಣೆಯ ಬಾಟಲಿ ಏನನ್ನೂ ಒಪ್ಪಿಕೊಳ್ಳುವುದಿಲ್ಲ. ವಾದದಲ್ಲಿ ಗೆಲ್ಲುವುದು ಯಾರೆಂದು ವಕೀಲರನ್ನು ಕೇಳಿ.

ಚರಕಸಂಹಿತೆಯನ್ನು ಉದ್ಧರಿಸದೆ ಮುಗಿಸಬಾರದೆಂದು ತೆರೆದು ನೋಡಿದ್ದಾಯಿತು. ಕ್ರಿಮಿಗಳು ಇಪ್ಪತ್ತು ಬಗೆ. ಉಪಾಯ ಮೂರು: ಹುಳುವನ್ನು ಹೊರತೆಗೆಯುವುದು, ಅದು ಬೆಳೆಯುವ ಸ್ಥಿತಿಯನ್ನು ಕೆಡಿಸುವುದು, ನಿದಾನ ಪರಿವರ್ಜನ, ಅಂದರೆ ಕಾರಣವನ್ನೇ ದೂರವಿಡುವುದು. ಮೊದಲೆರಡಕ್ಕೆ ವ್ಯಾಖ್ಯಾನ ಹೇರಳ, ಅಂಗಡಿಗಳೂ ಹೇರಳ. ಮೂರನೆಯದನ್ನು ಬಾಟಲಿಗೆ ತುಂಬಲಾಗದ್ದರಿಂದ ಪರಂಪರೆ ಅದರ ಬಗ್ಗೆ ಮೌನ ವಹಿಸಿದೆ.

ಪ್ರಬಂಧ ಮಂಡನೆಯ ದಿನ ಹಿಂದಿನ ಸಾಲಿನಲ್ಲಿದ್ದ ಅಂಗನವಾಡಿ ಟೀಚರಮ್ಮ ಎದ್ದು, ‘ಅದೇ ಅಲ್ವಾ ಸಾರ್ ನಾವ್ ಹೇಳೋದು? ಕಕ್ಕಸ್ಸಿಗೆ ಹೋಗ್ಬಂದು ಸೋಪ್ ಹಾಕಿ ಕೈ ತೊಳೀರಿ, ಚಪ್ಲಿ ಹಾಕ್ಕೊಳ್ಳಿ ಅಂತ’ ಎಂದರು. ಆಕ್ಷೇಪ ಸಂಸ್ಕೃತದಲ್ಲಿ ಇಲ್ಲದ್ದರಿಂದ ಸಭಾಪತಿಗಳು ಅದನ್ನು ಕಡತಕ್ಕೆ ಸೇರಿಸಲಿಲ್ಲ. ಬಳಿಕ ಎಲ್ಲರಿಗೂ ಬೋಂಡ ಕೊಡಲಾಯಿತು. ವಿದ್ವಾಂಸರು ಹಾಗೆಯೇ ಕೈಯೊಡ್ಡಿದರು.